ಮೂರು ರಾಜ್ಯದ ಮನೆಗಂದಾಯ, ಒಂದು ಹೊಟ್ಟೆಯುಬ್ಬರ

ಗೆಜ್ಜೆಗಡದ ದೊರೆ ಇಮ್ಮಡಿ ಬೊಮ್ಮರಸನ ಮೀಸೆ ಎಷ್ಟು ಉದ್ದವೆಂದರೆ, ಅವನು ಸಿಂಹಾಸನದ ಮೇಲೆ ಕೂತಾಗ ಎಡಮೀಸೆಯ ಮೇಲೊಂದು ಗಿಳಿ, ಬಲಮೀಸೆಯ ಮೇಲೊಂದು ಗಿಳಿ ಕೂತು ಒಂದನ್ನೊಂದು ಬೈದುಕೊಳ್ಳುತ್ತಿದ್ದವು. ನಂಬದವರು ಆ ಗಿಳಿಗಳನ್ನೇ ಕೇಳಬಹುದಿತ್ತು. ಪಾಪ, ಅವು ಸತ್ತು ಬಹಳ ಕಾಲವಾಯಿತು. ಆ ಮೀಸೆಗಿಂತಲೂ ಉದ್ದವಾದದ್ದು ಅವನ ಜಂಬ.

ಒಂದು ದಿನ ಒಡ್ಡೋಲಗದಲ್ಲಿ ತೊಡೆ ತಟ್ಟಿ ಹೇಳಿದ: "ಮನೆಗಂದಾಯದಲ್ಲಿ ನನ್ನಷ್ಟು ನ್ಯಾಯವಂತ ದೊರೆ ಸುತ್ತಲೆಲ್ಲೂ ಇಲ್ಲ! ಹೇಳಯ್ಯ ಪದ್ಮಣ್ಣ!"

ಮಂತ್ರಿ ಪದ್ಮಣ್ಣ ಗಂಟಲು ಸರಿಮಾಡಿಕೊಂಡ. ಹೊಸ ಕಂದಾಯದ ಲೆಕ್ಕ ಹೊಸೆದವನು ಅವನೇ. "ಮೂಡಣ ರಾಜ್ಯದಲ್ಲಿ ಮನೆಯ ಬಾಗಿಲಿಗೆ ಎರಡು ಹಣ. ನಮ್ಮಲ್ಲೂ ಎರಡೇ. ಪಡುವಣದಲ್ಲಿ ಕಂಬಕ್ಕೆ ಎರಡು ಹಣ. ನಮ್ಮಲ್ಲೂ ಎರಡೇ. ಬಡಗಣದಲ್ಲಿ ಒಲೆಗೆ ಎರಡು ಹಣ. ನಮ್ಮಲ್ಲೂ ಎರಡೇ. ಯಾರಿಗಿಂತಲೂ ಒಂದು ಕಾಸು ಹೆಚ್ಚಿಲ್ಲ, ಮಹಾಪ್ರಭು!"

ಸಭೆಯೆಲ್ಲ ಭಲೇ ಭಲೇ ಎಂದಿತು. ಆಸ್ಥಾನದ ವಿದೂಷಕ ಕೆಂಚಣ್ಣ ಮಾತ್ರ ಕಿವಿ ಕೆರೆದುಕೊಂಡ. ಅವನ ಕಿವಿ ತುರಿಸಿತೆಂದರೆ ಯಾರಿಗೋ ಕಾದಿದೆಯೆಂದು ಅರಮನೆಯ ಆನೆಗೂ ಗೊತ್ತಿತ್ತು.

"ಮಂತ್ರಿಗಳೇ, ತೆಂಕಣ ರಾಜ್ಯದಲ್ಲಿ ಎಷ್ಟಂತೆ?"

"ಆ ಕಡೆ... ದಾರಿ ಸರಿಯಿಲ್ಲ ಕಣಯ್ಯ, ಹೋಗಲಿಲ್ಲ."

"ಹೌದೌದು. ಕಂದಾಯ ಕಡಿಮೆ ಇರೋ ಕಡೆಗೆ ದಾರಿ ಸರಿಯಿರೋದಿಲ್ಲ," ಎಂದ ಕೆಂಚಣ್ಣ.

ಸಂಜೆ ಮನೆಗೆ ಹೊರಟವನು ಕುಂಬಾರಗೇರಿಯಲ್ಲಿ ಹೊನ್ನವ್ವನ ಮನೆ ಕಂಡು ನಿಂತುಬಿಟ್ಟ. ಬಾಗಿಲಿದ್ದ ಜಾಗದಲ್ಲಿ ಹರಕು ಗೋಣಿ ನೇತಾಡುತ್ತಿತ್ತು. ಸೂರು ಎಮ್ಮೆಯ ಬೆನ್ನಿನಂತೆ ಬಾಗಿತ್ತು. ಒಳಗೆ ಹೊನ್ನವ್ವ ಸೊಂಟ ಬಗ್ಗಿಸಿಕೊಂಡೇ ಓಡಾಡುತ್ತಿದ್ದಳು.

"ಇದೇನವ್ವಾ ಇದು?"

"ಏನು ಅಂತ ಹೇಳಲಣ್ಣಾ! ಬಾಗಿಲಿಗೆ ಕಂದಾಯ ಅಂದರು, ಕಿತ್ತೆ. ನಾಯಿ ಒಳಗೆ ಬಂದು ಅಂಬಲಿ ಕುಡಿದುಹೋಯ್ತು. ಕಂಬಕ್ಕೆ ಕಂದಾಯ ಅಂದರು, ಕಿತ್ತೆ. ಸೂರು ತಲೆಯ ಮೇಲೆ ಬಂದು ಕೂತಿದೆ. ಇನ್ನು ಒಲೆ ಕಿತ್ತರೆ ಹಸೀ ಮಣ್ಣು ತಿನ್ನಲಾ? ಹುಣ್ಣಿಮೆಯೊಳಗೆ ಒಲೆಯ ಹಣ ಕೊಡದಿದ್ದರೆ ಬೀಗ ಹಾಕ್ತಾರಂತೆ."

"ಬಾಗಿಲೇ ಇಲ್ಲವಲ್ಲ, ಬೀಗ ಎಲ್ಲಿಗೆ ಹಾಕ್ತಾರೆ?"

"ನನ್ನ ಬಾಯಿಗೆ!" ಎಂದಳು ಹೊನ್ನವ್ವ. "ನಿಮ್ಮ ದೊರೆಗೆ ಹೇಳಿ ಹೋಗಿ."

ಕೆಂಚಣ್ಣ ಹೇಳಲಿಲ್ಲ. ಮಾತು ದೊರೆಯ ಕಿವಿಗೆ ಹೋಗುವುದಿಲ್ಲ, ಮೀಸೆಗೆ ಸಿಕ್ಕಿಕೊಳ್ಳುತ್ತದೆ ಎಂದು ಅವನಿಗೆ ಗೊತ್ತು. ಕಾದ.

ಹೆಚ್ಚು ಕಾಯಬೇಕಾಗಲಿಲ್ಲ. ದೊರೆಯ ಹುಟ್ಟಿದಹಬ್ಬಕ್ಕೆ ಹೋಳಿಗೆ ಮಾಡಿದ್ದರು. ತಟ್ಟುವವರ ಕೈ ಸೋತಿತು, ಬೇಯಿಸುವವರ ಹೆಂಚು ಬಿರಿಯಿತು, ದೊರೆಯ ಬಾಯಿ ಮಾತ್ರ ಸೋಲಲಿಲ್ಲ. ಮಾರನೆಯ ಬೆಳಗ್ಗೆ ಹೊಟ್ಟೆ ನಗಾರಿಯಂತೆ ಉಬ್ಬಿ, ಹೊರಳಿದರೆ ಡುಬ್ ಎನ್ನುತ್ತಿತ್ತು.

"ಕೆಂಚಣ್ಣಾ, ಸತ್ತೆ! ಏನಾದರೂ ಮಾಡೋ!"

"ಸುತ್ತಲ ದೊರೆಗಳೂ ಹೋಳಿಗೆ ತಿನ್ನುವವರೇ, ಮಹಾಪ್ರಭು. ಅವರು ಏನು ಮಾಡ್ತಾರೆ ಅಂತ ನನಗೆ ಗೊತ್ತು. ಅದನ್ನೇ ಮಾಡಲಾ?"

"ಮಾಡು, ಮಾಡು! ಅವರು ತಡೆಯೋದನ್ನ ನಾನು ತಡೆಯಲಾರೆನಾ? ಅವರಿಗಿಂತ ಒಂದು ಹನಿ ಹೆಚ್ಚಾಗದಿದ್ದರೆ ಸರಿ."

"ಪದ್ಮಣ್ಣನವರೇ, ಕೇಳಿಸಿಕೊಂಡಿರಲ್ಲ? ಒಂದು ಹನಿಯೂ ಹೆಚ್ಚಿಲ್ಲ," ಎಂದು ಮಂಚದ ಪಕ್ಕ ನಿಂತಿದ್ದ ಮಂತ್ರಿಗೆ ಹೇಳಿ ಕೆಂಚಣ್ಣ ಕಿವಿ ಕೆರೆದುಕೊಂಡ.

ದೊಡ್ಡ ಬಟ್ಟಲಿನ ತುಂಬ ಹರಳೆಣ್ಣೆ ಬಂತು. ದೊರೆ ಮೂಗು ಹಿಡಿದು ಕುಡಿದ. ಆಮೇಲೆ ನಡೆದದ್ದನ್ನು ಮರ್ಯಾದಸ್ಥರು ಹೇಳಬಾರದು. ಇಷ್ಟು ಹೇಳಬಹುದು: ಆ ದಿನ ದೊರೆ ಓಡಿದ ಓಟಕ್ಕೆ ಲಾಯದ ಕುದುರೆಗಳು ನಾಚಿ ತಲೆ ತಗ್ಗಿಸಿದವು.

ಮಧ್ಯಾಹ್ನ ಗೋಡೆ ಹಿಡಿದುಕೊಂಡು ಬಂದ ದೊರೆ, "ಹೊಟ್ಟೆ ಇಳಿಯಿತು. ಒಂದಿಷ್ಟು ಗಂಜಿ ಕೊಡಿ," ಎಂದ.

ಕೆಂಚಣ್ಣ ಗಂಜಿಯ ಬಟ್ಟಲನ್ನು ಆಚೆ ಸರಿಸಿದ. "ಎಲ್ಲಾದರೂ ಉಂಟೇ! ಪಡುವಣ ದೊರೆ ಹೊಟ್ಟೆಯುಬ್ಬರಕ್ಕೆ ಮೂರು ದಿನ ಉಪವಾಸ ಮಾಡ್ತಾನೆ. ತಮಗೂ ಮೂರೇ ದಿನ."

"ಹರಳೆಣ್ಣೆ ಕುಡಿದೆನಲ್ಲೋ!"

"ಅದು ಮೂಡಣ ದೊರೆಯದು, ಪ್ರಭು. ಇದು ಪಡುವಣದ್ದು."

ದೊರೆ ಹಸಿವಿಗೆ ಮೀಸೆ ಚೀಪಿಕೊಂಡು ಮಲಗಿದ. ಸ್ವಲ್ಪ ಹೊತ್ತಿಗೆ ಸುಟ್ಟ ವಾಸನೆ ಬಂತು. ಕಣ್ಣು ಬಿಟ್ಟರೆ ಕೆಂಚಣ್ಣನ ಕೈಯಲ್ಲಿ ಕೆಂಪಗೆ ಕಾದ ಕಬ್ಬಿಣದ ಕಡ್ಡಿ!

"ಏನೋ ಅದು!"

"ಬರೆ, ಮಹಾಪ್ರಭು. ಬಡಗಣ ದೊರೆ ಹೊಕ್ಕುಳ ಪಕ್ಕ ಎರಡು ಹಾಕಿಸಿಕೊಳ್ತಾನೆ. ತಮಗೂ ಎರಡೇ. ಅಂಗಿ ಎತ್ತಿ."

ದೊರೆ ಮಂಚದಿಂದ ಹಾರಿ ಕಂಬ ತಬ್ಬಿಕೊಂಡ. "ಅಯ್ಯೋ ಪಾಪಿ! ಮೂಡಣದವನು ಎಣ್ಣೆ ಒಂದೇ ಕುಡೀತಾನೆ! ಪಡುವಣದವನು ಉಪವಾಸ ಒಂದೇ ಮಾಡ್ತಾನೆ! ಬಡಗಣದವನಿಗೆ ಬರೆ ಒಂದೇ! ಮೂರನ್ನೂ ನನ್ನೊಬ್ಬನ ಮೇಲೆ ಹೇರ್ತೀಯಲ್ಲೋ! ನನಗಿರೋದು ಒಂದೇ ಹೊಟ್ಟೆ!"

"ಕುಂಬಾರಗೇರಿಯ ಹೊನ್ನವ್ವನಿಗೆ ಇರೋದೂ ಒಂದೇ ಮನೆ, ಪ್ರಭು," ಎಂದ ಕೆಂಚಣ್ಣ. "ಕಂದಾಯಕ್ಕೆ ಹೆದರಿ ಬಾಗಿಲು, ಕಂಬ ಎರಡೂ ಕಿತ್ತಿದ್ದಾಳೆ."

ಪದ್ಮಣ್ಣ ಮೆಲ್ಲಗೆ ಬಾಗಿಲ ಕಡೆಗೆ ಸರಿಯುತ್ತಿದ್ದ.

ದೊರೆ ತಾನು ತಬ್ಬಿಕೊಂಡ ಕಂಬವನ್ನೊಮ್ಮೆ ನೋಡಿದ, ಕಾದ ಕಡ್ಡಿಯನ್ನೊಮ್ಮೆ ನೋಡಿದ. ಮೀಸೆ ಅದುರಿತು. ನೋಡನೋಡುತ್ತ ಬಿದ್ದು ಬಿದ್ದು ನಗತೊಡಗಿದ. "ಬಾಗಿಲ ಕಂದಾಯವೂ ಬೇಡ, ಕಂಬದ್ದೂ ಬೇಡ, ತೆಗೆದುಹಾಕಿ! ಒಲೆಯದು ಒಂದೇ ಇರಲಿ, ಅದೂ ಅರ್ಧ. ಆ ಹೆಂಗಸಿಗೆ ಅರಮನೆಯ ಬಡಗಿಯಿಂದ ತೇಗದ ಬಾಗಿಲು, ತೇಗದ ಕಂಬ ಹಾಕಿಸಿ, ಅವಳ ಈ ಸಲದ ಹಣವನ್ನು ಪದ್ಮಣ್ಣ ಕಟ್ಟಲಿ. ಬಟ್ಟಲಲ್ಲಿ ಹರಳೆಣ್ಣೆ ಉಳಿದಿದ್ದರೆ ಅದನ್ನೂ ಪದ್ಮಣ್ಣನಿಗೇ ಕುಡಿಸಿ!"

ಕಡ್ಡಿ ನೀರಿಗೆ ಬಿದ್ದು ಚುಸ್ ಎಂದಿತು. ಗಂಜಿ ಬಂತು. ಎರಡು ಗುಟುಕು ಕುಡಿದ ಮೇಲೆ ದೊರೆಗೆ ಏನೋ ನೆನಪಾಯಿತು.

"ಅಲ್ಲವೋ ಕೆಂಚಣ್ಣ, ಆ ತೆಂಕಣ ದೊರೆ ಹೊಟ್ಟೆ ಉಬ್ಬಿದರೆ ಏನು ಮಾಡ್ತಾನೆ?"

"ಅವನ ಹೊಟ್ಟೆ ಉಬ್ಬೋದೇ ಇಲ್ಲ, ಮಹಾಪ್ರಭು. ಎರಡು ಹೋಳಿಗೆ ತಿಂದು ಎದ್ದುಬಿಡ್ತಾನೆ."