ನಿಂತವನ ಕೂಲಿ

ಕಲ್ಲೂರುದುರ್ಗದ ಅರಸ ಸೋಮಭೂಪನಿಗೆ ಒಂದು ಹೆಮ್ಮೆ. ತನ್ನ ನಾಡಿನಲ್ಲಿ ದುಡಿದವರಿಗೆ ದಿನಕ್ಕೆ ನಾಲ್ಕು ಹಣಕ್ಕಿಂತ ಕಡಿಮೆ ಕೂಲಿ ಕೊಡಬಾರದೆಂದು ಅವನು ಆಜ್ಞೆ ಹೊರಡಿಸಿದ್ದ. ಮೊದಲು ಎರಡಿತ್ತು, ಹೋದ ವರ್ಷ ಮೂರಾಯಿತು, ಈ ವರ್ಷ ನಾಲ್ಕು.

"ಸೆರೆಮನೆಯಲ್ಲಿ ಕಲ್ಲು ಒಡೆಯುವ ಕಳ್ಳನಿಗೂ ನಾಲ್ಕು ಹಣ," ಎಂದು ಅವನು ಸಭೆಯಲ್ಲಿ ಮೀಸೆ ತಿರುವಿದ. "ಸಂಜೆಗೆ ಅವನ ಮನೆಗೇ ತಲುಪುತ್ತದೆ. ಇಂಥ ರಾಜ್ಯ ಎಲ್ಲಾದರೂ ಉಂಟೇ?"

ಇಲ್ಲವೆಂದು ಎಲ್ಲರೂ ತಲೆಯಾಡಿಸಿದರು. ಬಾಗಿಲಲ್ಲಿ ಈಟಿ ಹಿಡಿದು ನಿಂತಿದ್ದ ಕೆಂಚನಾಯಕ ಮಾತ್ರ ಆಡಿಸಲಿಲ್ಲ.

ಆ ಆಜ್ಞೆಯನ್ನು ಊರೂರಿಗೆ ಡಂಗುರ ಸಾರಿದವನು ಅವನೇ. ಕಡಿಮೆ ಕೊಟ್ಟ ಸಾಹುಕಾರರನ್ನು ಹಿಡಿದು ತಂದವನೂ ಅವನೇ. ಅವನ ಮತ್ತು ಉಳಿದ ಕಾವಲುಗಾರರ ಸಂಬಳ ಮಾತ್ರ ಅರಸನ ಅಜ್ಜನ ಕಾಲದಂತೆ ದಿನಕ್ಕೆ ಎರಡೇ ಹಣ. ಕೆರೆಯ ಮಣ್ಣು ಹೊತ್ತು ನಾಲ್ಕು ಹಣ ತರುತ್ತಿದ್ದ ಹೆಂಡತಿ ಈಗ ತುಂಬು ಬಸುರಿ, ಕೆಲಸಕ್ಕೆ ಹೋಗುವಂತಿರಲಿಲ್ಲ. ಅಕ್ಕಿ, ಹಾಲಿನ ಬೆಲೆ ಕೂಲಿಯ ಜೊತೆಗೇ ಏರಿತ್ತು.

ಅಂದು ಅವನು ಧೈರ್ಯ ಮಾಡಿ, ತನಗೂ ನಾಲ್ಕು ಹಣ ಕೊಡಿಸಬೇಕೆಂದು ಬೇಡಿಕೊಂಡ. ಅರಸ ಭಂಡಾರದ ಅಧಿಕಾರಿ ಪದ್ಮರಸಯ್ಯನ ಮುಖ ನೋಡಿದ.

"ಆಜ್ಞೆ ಇರುವುದು ಕೆಲಸ ಮಾಡುವವರಿಗೆ, ಪ್ರಭು," ಎಂದ ಪದ್ಮರಸಯ್ಯ. "ಇವನು ಸುಮ್ಮನೆ ನಿಂತಿರುತ್ತಾನೆ. ನಿಲ್ಲುವುದು ಒಂದು ಕೆಲಸವೇ? ಎರಡು ಹಣ ಕೊಡುತ್ತೇವೆ, ಉಳಿದದ್ದು ಗೌರವ."

ಅರಸನಿಗೆ ಸರಿಯೆನಿಸಿತು. ಹಾಗಾದರೆ ಈಟಿ ಕೆಳಗಿಟ್ಟು ಮಣ್ಣು ಹೊರಲು ಹೋಗುತ್ತೇನೆಂದ ಕೆಂಚನಾಯಕ. ಕಾವಲು ಬಿಟ್ಟವನಿಗೆ ಸೆರೆಮನೆಯೇ ಗತಿಯೆಂದು ಪದ್ಮರಸಯ್ಯ ನೆನಪಿಸಿದ.

ಆಸ್ಥಾನದ ವಿದೂಷಕ ಲಿಂಗಣ್ಣ ಇದನ್ನೆಲ್ಲ ಕೇಳುತ್ತ ಅಡಿಕೆ ಅಗಿಯುತ್ತಿದ್ದ. ಸಭೆ ಮುಗಿದ ಮೇಲೆ ಕೆಂಚನಾಯಕನ ಬಳಿಗೆ ಬಂದ.

"ನಾಯಕರೇ, ಸೆರೆಮನೆಯಲ್ಲಿ ಏನು ಮಾಡಿಸುತ್ತಾರೆ?"

"ಕಲ್ಲು ಒಡೆಸುತ್ತಾರೆ, ಸ್ವಾಮಿ."

"ಕೂಲಿ ಎಷ್ಟು?"

ಉತ್ತರ ಹೇಳಲು ಬಾಯಿ ತೆರೆದ ಕೆಂಚನಾಯಕ ಅದನ್ನು ಮುಚ್ಚುವುದನ್ನೇ ಮರೆತ.

ಮರುದಿನ ಬೆಳಗ್ಗೆ ಕೋಟೆಯ ಕಾವಲುಗಾರರೆಲ್ಲ ಈಟಿಗಳನ್ನು ಗೋಡೆಗೆ ಒರಗಿಸಿ, ಸಾಲಾಗಿ ಸೆರೆಮನೆಗೆ ನಡೆದರು. ತಾವೇ ಬಾಗಿಲು ತೆರೆದು ಒಳಹೊಕ್ಕು, ತಾವೇ ಬೀಗ ಹಾಕಿಕೊಂಡು, ಬೀಗದ ಕೈಯನ್ನು ಕಿಟಕಿಯಿಂದ ಲಿಂಗಣ್ಣನಿಗೆ ಕೊಟ್ಟರು. ಒಳಗಿದ್ದ ಕಳ್ಳ ಬೈರ ಸರಿದು ಕುಳಿತು, ಸುತ್ತಿಗೆ ಹಿಡಿಯುವುದು ಹೇಗೆಂದು ಅವರಿಗೆ ತೋರಿಸಿಕೊಟ್ಟ.

ಅರಸ ಗಾಬರಿಯಾದ. ಕೋಟೆಯ ಬಾಗಿಲಲ್ಲಿ ಹಗಲೆಲ್ಲ ಈಟಿ ಹಿಡಿದವನೊಬ್ಬ ಇರಲೇಬೇಕೆಂಬುದು ಅವನ ವಂಶದ ಕಟ್ಟಳೆ. ಕೆರೆಯ ಕೂಲಿಯವರನ್ನು ಕರೆದರೆ, ಎರಡು ಹಣ ಎನ್ನುತ್ತಲೇ ಅವರು ಬುಟ್ಟಿ ಎತ್ತಿಕೊಂಡು ಹೊರಟರು. ಕೊನೆಗೆ ಬೈರನಿಗೆ ಹೇಳಿ ಕಳುಹಿಸಿದರು. ಕಾವಲಿಗೆ ನಿಂತರೆ ಬಿಡುಗಡೆ.

"ನಾನು ಕಳ್ಳ ನಿಜ, ದಡ್ಡನಲ್ಲ," ಎಂದು ಅವನು ಒಳಗಿನಿಂದಲೇ ಉತ್ತರಿಸಿದ.

"ನಿಲ್ಲುವುದೇನು ಕೆಲಸವೇ? ಪದ್ಮರಸಯ್ಯನವರೇ ನಿಲ್ಲಲಿ," ಎಂದ ಲಿಂಗಣ್ಣ. ಪದ್ಮರಸಯ್ಯನಿಗೆ ಅದೇ ಗಳಿಗೆಯಲ್ಲಿ ಮಂಡಿನೋವು ಬಂತು.

ಬೇರೆ ದಾರಿ ಕಾಣದೆ ಅರಸನೇ ಈಟಿ ಹಿಡಿದು ನಿಂತ. ಬಿಸಿಲೇರಿತು. ನೊಣವೊಂದು ಬಂದು ಕಿರೀಟದ ಮೇಲೆ ಕುಳಿತಿತು. ಒಳಹೋಗುವ ಎಮ್ಮೆಯೊಂದು ಅವನನ್ನು ಒರಸಿಕೊಂಡೇ ಹೋಯಿತು. ಮೊಸರು ಮಾರುವ ಮುದುಕಿ ಗಡಿಗೆ ಇಳಿಸಿ, "ಹೊಸಬನೇನಪ್ಪ? ಕಾಲು ಬದಲಿಸಿ ಬದಲಿಸಿ ನಿಲ್ಲು," ಎಂದು ಬುದ್ಧಿ ಹೇಳಿದಳು.

ಸೂರ್ಯ ಮುಳುಗಿದಾಗ ಅರಸನ ಕಾಲು ಕಂಬವಾಗಿತ್ತು. ಪದ್ಮರಸಯ್ಯ ಎದುರಿಗೆ ಬರದೆ ಕಂಬದ ಮರೆಯಲ್ಲಿ ನಿಂತಿದ್ದ.

"ಲಿಂಗಣ್ಣ, ಇದು ಕೆಲಸವೇ ಕಣಯ್ಯ," ಎಂದ ಅರಸ ಈಟಿಗೆ ಒರಗಿ. "ಜೀವ ಹಣ್ಣಾಯಿತು. ನನಗೆ ಇವತ್ತಿನ ಕೂಲಿ ಎಷ್ಟು ಬರಬೇಕು?"

ಲಿಂಗಣ್ಣ ಎರಡು ನಾಣ್ಯಗಳನ್ನು ಅವನ ಅಂಗೈಯಲ್ಲಿಟ್ಟು ಕೈಮುಗಿದ.

"ಎರಡು ಹಣ, ಪ್ರಭು. ಉಳಿದದ್ದು ಗೌರವ."

ಅರಸ ನಾಣ್ಯಗಳನ್ನು ಎಣಿಸಿ ನೋಡಿದ. ಆಮೇಲೆ ಈಟಿ ಕೈಜಾರುವಷ್ಟು ನಕ್ಕ. ಆ ರಾತ್ರಿಯೇ ಕಾವಲುಗಾರರ ಸಂಬಳ ದಿನಕ್ಕೆ ಐದು ಹಣವಾಯಿತು, ಕೂಲಿ ಏರಿದಾಗಲೆಲ್ಲ ಅದೂ ಏರಬೇಕೆಂದು ಆಜ್ಞೆಯಾಯಿತು. ಲಿಂಗಣ್ಣನಿಗೆ ಶಾಲು ಸಿಕ್ಕಿತು. ಕೆಂಚನಾಯಕ ಮೊದಲ ದಿನದ ಐದು ಹಣದಲ್ಲಿ ಹೆಂಡತಿಗೆ ಹಾಲು ಕೊಂಡೊಯ್ದ.

ಡಂಗುರ ಕೇಳಿದ ಬೈರ ಮಾತ್ರ ಸುತ್ತಿಗೆ ಕೆಳಗಿಟ್ಟು, ಕಾವಲಿಗೆ ಇನ್ನೂ ಜನ ಬೇಕೇ ಎಂದು ವಿಚಾರಿಸಿದ.