ಕಡಾಣಿ ಕಿತ್ತ ಸಾತವ್ವ

ಬಹಳ ಹಿಂದೆ, ನಮ್ಮ ಅಜ್ಜಿಯ ಅಜ್ಜಿಯೂ ಕಣ್ಣಾರೆ ಕಾಣದ ಕಾಲದಲ್ಲಿ, ಬಿಳಿಗುಂಡಿ ಎಂಬ ಒಂದು ಊರಿತ್ತಂತೆ. ಆ ಊರಿಗೊಂದು ಕಟ್ಟಳೆಯಿತ್ತಂತೆ. ಊರ ನೆಲದ ಮೇಲೆ ಯಾರೇ ಸತ್ತರೂ, ಹೆಣ ಮಣ್ಣಾಗುವವರೆಗೆ ಯಾವ ಮನೆಯಲ್ಲೂ ಒಲೆ ಹೊತ್ತಿಸುವಂತಿರಲಿಲ್ಲ. ಮನೆಯುಳ್ಳವರು ಸತ್ತರೆ ಊರು ಹಸಿವನ್ನು ತಾಳಿಕೊಳ್ಳುತ್ತಿತ್ತು. ಮನೆಯಿಲ್ಲದವರಿಗಾಗಿ ತಾಳಿಕೊಳ್ಳುತ್ತಿರಲಿಲ್ಲ. ಹಾದಿಬದಿಯಲ್ಲಿ ಬಿದ್ದವನಿಗೆ ಮೇಲುಸಿರು ಹತ್ತಿತೆಂದರೆ ಊರು ಕಾಯುವ ತಳವಾರರು ಅವನನ್ನು ಗಡಿಕಲ್ಲಿನ ಆಚೆಗೆ ಎಳೆದು ಹಾಕುತ್ತಿದ್ದರಂತೆ. ಆಚೆಯ ತೊರೆಸಾಲು ಎಂಬ ಊರಿನಲ್ಲೂ ಅದೇ ಕಟ್ಟಳೆ. ಅಲ್ಲಿಯವರು ಈಚೆಗೆ ಎಳೆಯುತ್ತಿದ್ದರಂತೆ. ಆ ಎಳೆದಾಟದಲ್ಲೇ ಎಷ್ಟೋ ಜೀವ ಹೋದವು ಎನ್ನುತ್ತಾರೆ.

ಆ ಊರಿನಲ್ಲಿ ಸಾತವ್ವ ಎಂಬ ಒಂಟಿ ಹೆಂಗಸಿದ್ದಳಂತೆ. ಅವಳಿಗೊಂದು ಒಂಟೆತ್ತಿನ ಬಂಡಿ. ಬಂಡಿಯಲ್ಲಿ ಹುಲ್ಲಿನ ಹಾಸು, ಗಂಜಿಯ ಗಡಿಗೆ, ಹುಣ್ಣಿಗೆ ಹರಳೆಣ್ಣೆ, ನೋವು ಮರೆಸುವ ಗಸಗಸೆಯ ಕಷಾಯ. ಬದುಕಿಸುವ ಮದ್ದು ಅವಳಲ್ಲಿರಲಿಲ್ಲ. ಇದೆಯೆಂದು ಅವಳು ಯಾರಿಗೂ ಹೇಳಲೂ ಇಲ್ಲ. ಯಾರು ಎಲ್ಲಿ ಬಿದ್ದಿದ್ದರೋ ಅಲ್ಲಿಗೆ ಬಂಡಿ ಹೋಗುತ್ತಿತ್ತಂತೆ. ಬಂಡಿ ಉರುಳುತ್ತಿರುವವರೆಗೆ ಅದರ ಹಲಗೆ ಯಾವ ಊರ ನೆಲವೂ ಅಲ್ಲವೆಂದು ಎರಡೂ ಊರಿನವರು ಒಪ್ಪಿದ್ದರು. ಆದ್ದರಿಂದ ಸಾಯುವವರನ್ನು ಅದರಲ್ಲಿ ಮಲಗಿಸಿ, ಕಡೆಯುಸಿರಿನವರೆಗೂ ನಿಲ್ಲದೆ ನಡೆಸುತ್ತಿದ್ದಳಂತೆ.

ಒಂದು ಬೇಸಿಗೆಯಲ್ಲಿ ಮಾಳಿಂಗ ಬಿದ್ದ. ಊರೂರು ಅಲೆದು, ಸವೆದ ಬೀಸುಕಲ್ಲುಗಳಿಗೆ ಉಳಿ ಹೊಡೆದು ಹಲ್ಲು ಮೂಡಿಸಿಕೊಡುತ್ತಿದ್ದವನು. ಕಲ್ಲಿನ ದೂಳು ಅವನ ಎದೆಯನ್ನು ತಿಂದುಹಾಕಿತ್ತು. ಸಾತವ್ವ ಅವನನ್ನು ಬಂಡಿಯಲ್ಲಿ ಮಲಗಿಸಿ ಹೊರಟಳು. ಗಾಲಿ ಒಂದು ಹರಳಿನ ಮೇಲೆ ಹತ್ತಿಳಿದರೂ ಅವನ ಬಾಯಿಂದ ನೆತ್ತರು ಬರುತ್ತಿತ್ತಂತೆ.

"ಯಕ್ಕಾ, ನಿಂದ್ರಸು. ಹುಟ್ಟಿದಾಗಿಂದ ನಡದೇ ನಡದೀನಿ. ನಿಂತಲ್ಲೇ ಸಾಯ್ತೀನಿ."

ಸಾತವ್ವನ ಕೈ ಹಗ್ಗದ ಮೇಲೆ ತಡೆಯಿತು. ಪಾಳು ಸುಂಕದಕಟ್ಟೆಯಲ್ಲಿ ಕಣ್ಣಿಲ್ಲದ ಈರಕ್ಕ ಸಾಯುತ್ತಿದ್ದಳು. ಹೊತ್ತು ಇಳಿಯುವುದರೊಳಗೆ ಬಂಡಿ ತರುತ್ತೇನೆಂದು ಅವಳಿಗೆ ಮಾತು ಕೊಟ್ಟಾಗಿತ್ತು. ಬಂಡಿಯೋ ಒಂದೇ.

ಮಾಳಿಂಗ ಮತ್ತೆ ಕೆಮ್ಮಿದ. ಸಾತವ್ವ ಗಡಿಕಲ್ಲಿನ ಬಳಿ, ಒಂದು ಗಾಲಿ ಈಚೆಯ ಊರಲ್ಲಿ, ಒಂದು ಗಾಲಿ ಆಚೆಯ ಊರಲ್ಲಿ ಇರುವಂತೆ ಬಂಡಿ ನಿಲ್ಲಿಸಿ ಎತ್ತನ್ನು ಬಿಚ್ಚಿದಳು. ಅಚ್ಚಿನ ಕೆಳಗೆ ಎರಡು ಬದಿಗೂ ಕಲ್ಲು ಕೊಟ್ಟಳು. ಗಾಲಿ ಕಳಚದಂತೆ ಅಚ್ಚಿನ ತುದಿಗೆ ಹಾಕಿದ್ದ ಕಡಾಣಿಗಳನ್ನು ಕಿತ್ತು ಹಾಳುಬಾವಿಗೆ ಎಸೆದಳು. ಇನ್ನು ಯಾರೂ ಬಂಡಿ ಹೊಡೆಯಲಾಗದಂತೆ ಗಾಲಿಗಳನ್ನು ಇಳಿಜಾರಿಗೆ ಉರುಳಿಸಿಬಿಟ್ಟಳು.

ತಳವಾರ ಭರಮ ಕೋಲು ಬೀಸುತ್ತ ಬಂದ.

"ಏನಬೇ ಸಾತಿ, ನಿನಗ ಮುಪ್ಪು ಬಂತೋ, ನಿನ್ನ ಎತ್ತಿಗೆ ಬಂತೋ? ಹೊಡಿ ಬಂಡಿ! ನನ್ನ ಮನ್ಯಾಗ ರೊಟ್ಟಿ ಹಂಚಿನ ಮ್ಯಾಲದ." ಆಮೇಲೆ ಬಗ್ಗಿ ನೋಡಿದ. "ಗಾಲಿ ಎಲ್ಲಿ?"

"ಹೋದ್ವು. ಆ ರೊಟ್ಟಿ ಹಿಟ್ಟು ಬೀಸಿದ ಕಲ್ಲಿಗೆ ಉಳಿ ಹೊಡದಾಂವ ಇವನೇ ನೋಡಪಾ ಭರಮಣ್ಣ."

ಭರಮ ಮಾಳಿಂಗನ ಕಾಲು ಹಿಡಿದ. ಸಾತವ್ವ ಬೈಯಲಿಲ್ಲ, ಅಡ್ಡ ಬರಲೂ ಇಲ್ಲ. ಗಂಜಿಯ ಚಿಪ್ಪನ್ನು ಅವನ ಮುಂದೆ ಹಿಡಿದಳು.

"ಎಳಿಯಾಕ ಮೊದಲ ಒಂದು ಗುಟುಕು ಕುಡಸು."

ಚಿಪ್ಪು ಹಿಡಿಯಲು ಭರಮ ಕಾಲು ಬಿಟ್ಟ. ಕುಡಿಸಿದ. ಆಮೇಲೆ ಆ ಕಾಲನ್ನು ಮತ್ತೆ ಹಿಡಿಯಲು ಅವನಿಂದಾಗಲಿಲ್ಲವಂತೆ. ಮಾಳಿಂಗ ಅಲುಗದೆ, ಹುಲ್ಲಿನ ಮೇಲೆ, ಸಂಜೆಗೆ ಮುಂಚೆ ಸತ್ತ. ಎರಡೂ ಊರಿನ ಒಲೆಗಳು ಆರಿದವು. ಎರಡೂ ಊರು ಸಾತವ್ವನನ್ನು ಶಪಿಸಿದವು.

ಅವಳು ನಡೆದೇ ಸುಂಕದಕಟ್ಟೆಗೆ ಹೋದಳು. ಈರಕ್ಕ ಅಲ್ಲಿರಲಿಲ್ಲ. ಬೇರೆ ತಳವಾರರು ಅವಳನ್ನು ಎಳೆದುಕೊಂಡು ಹೋಗಿ ಬಹಳ ಹೊತ್ತಾಗಿತ್ತು. ಹೊಲದ ಬದುವಿನಲ್ಲಿ ಸಿಕ್ಕಳಂತೆ, ಬಂಡಿಯ ಸದ್ದು ಬರಬೇಕಾದ ಕಡೆಗೆ ಕಿವಿಗೊಟ್ಟು ಸತ್ತವಳು.

ಆಮೇಲೆ ಸಾತವ್ವ ಬಂಡಿ ಕಟ್ಟಲಿಲ್ಲ. ಗಡಿಗೆ ಹೊತ್ತು ನಡೆದಳು, ನಡೆಯುತ್ತಲೇ ಯಾವುದೋ ಹಾದಿಯಲ್ಲಿ ತೀರಿಕೊಂಡಳಂತೆ. ಎಲ್ಲಿ ಎಂಬುದು ಯಾರಿಗೂ ತಿಳಿಯದು.

ಇಂದಿಗೂ ಆ ಸೀಮೆಯಲ್ಲಿ ಮನೆಯಿಲ್ಲದವರು ಹಾದಿಯಲ್ಲಿ ಬಿದ್ದರೆ, ಮೊದಲು ಕಂಡವರು ಅವರ ತಲೆಯ ಬಳಿ ಸಾತವ್ವನ ಕಡಾಣಿಯೆಂದು ಒಂದು ಗೂಟ ನೆಡುತ್ತಾರೆ. ಗೂಟ ನೆಟ್ಟ ಮೇಲೆ ಅವರನ್ನು ಯಾರೂ ಕದಲಿಸುವಂತಿಲ್ಲ. ಆಮೇಲೆ ಗಂಜಿ ಕುಡಿಸಿ, ಈರಕ್ಕನನ್ನು ನೆನೆದು ಬಾಗಿ, ಅವರ ಕಿವಿಯಲ್ಲಿ ಒಂದು ಮಾತು ಕೇಳುತ್ತಾರೆ:

"ನಿನ್ನ ಹಂಗ ಮತ್ತ ಯಾರು ಕಾಯಾಕತ್ಯಾರ?"