ತಡವಾದ ಗುಂಡು

ಊರ ಹೋರಿ ಹಬ್ಬದಲ್ಲಿ ಓಡುವ ಹೋರಿಯ ಕೊರಳಿಂದ ಕೊಬ್ಬರಿ ಕಿತ್ತವನು ನಾನು. ಅಂಥ ನನ್ನ ಬೆರಳು ನಿಧಾನವಂತೆ!

ಹಾಗೆಂದವನು ನಮ್ಮ ಕಾಲೇಜಿನ ಗೇಮಿಂಗ್ ತಂಡದ ಕ್ಯಾಪ್ಟನ್ ತ್ರಿಲೋಚನ. ನಾವು ಫೋನಿನಲ್ಲಿ ಆಡುವ ಶೂಟಿಂಗ್ ಆಟಕ್ಕೆ ನಡುವೆ ಬೇರೆ ಸರ್ವರ್ ಇಲ್ಲ. ಯಾರು ಆಟದ ರೂಮ್ ತೆರೆಯುತ್ತಾರೋ ಅವರ ಫೋನೇ ಯಾರ ಗುಂಡು ಮೊದಲು ತಾಗಿತೆಂದು ತೀರ್ಪು ಕೊಡುತ್ತೆ. ತೆರೆಯುವವನು ಯಾವಾಗಲೂ ಅವನೇ. ಅವನ ಗುಂಡು ಒತ್ತಿದ ಕೂಡಲೇ ತಾಗುತ್ತೆ. ನನ್ನದು ನೆಟ್‌ವರ್ಕ್ ದಾಟಿ ಅವನ ಫೋನ್ ಮುಟ್ಟುವಷ್ಟರಲ್ಲಿ ನಾನು ಸತ್ತಿರುತ್ತೇನೆ.

ತಂಡದ ಆಯ್ಕೆಗೆಂದು ಅವನೆದುರು ಆಡಿದ ಮೂರು ಆಟವನ್ನೂ ಸೋತೆ. ಕ್ಯಾಂಟೀನಿನಲ್ಲಿ ಎಲ್ಲರೆದುರು ಅವನು ಹಾಳೆ ಚಾಚಿದ. “ಲೇ ಹಳ್ಳಿ ಗಮಾರ, ‘ನನ್ನ ಬೆರಳು ನಿಧಾನ, ತಂಡಕ್ಕೆ ನಾನು ಲಾಯಕ್ಕಿಲ್ಲ’ ಅಂತ ಬರೆದು ಸಹಿ ಹಾಕು.”

ಮೈಯೆಲ್ಲ ಉರಿಯಿತು. ಆದರೂ ಪೆನ್ನು ಹಿಡಿದೆ. “ಹಾಕ್ತೀನಣ್ಣ. ಅದಕ್ಕೆ ಮುಂಚೆ ಒಂದೇ ಒಂದು ಆಟ. ರೂಮ್ ನನ್ನ ಫೋನಿನಲ್ಲಿ.”

“ಆಗಲ್ಲ!”

“ಯಾಕಣ್ಣ? ನಿಧಾನದ ಬೆರಳಿಗೂ ಹೆದರಿಕೆಯಾ?”

“ಹೆದರಿಕೆ ಯಾರಿಗಲೇ? ನಿನ್ನ ಫೋನಿನಲ್ಲಿ ರೂಮ್ ತೆರೆದರೆ ನನ್ನ ಗುಂಡು ತಡವಾಗಿ ತಾಗುತ್ತೆ ಕಣೋ!”

ಇಡೀ ಕ್ಯಾಂಟೀನ್ ಗೊಳ್ಳೆಂದಿತು. ತ್ರಿಲೋಚನ ಬಾಯಿ ಮುಚ್ಚಿಕೊಂಡ. ಮಾತು ಆಗಲೇ ಆಚೆ ಬಿದ್ದಿತ್ತು.

ಹಾಳೆಯನ್ನು ಅವನ ಕಡೆಗೆ ತಳ್ಳಿದೆ. “ಈಗ ಹೇಳಿದ್ದನ್ನೇ ನೀನು ಬರೆಯಣ್ಣ. ಸಾಕ್ಷಿಗೆ ನಾನು ಸಹಿ ಹಾಕ್ತೀನಿ.”